ಮನೆಯೊಳಗೆ ರೈಲು ತಂದ ಫ್ರಾಂಕ್ ಹಾರ್ನ್‌ಬಿ

 

ಕಳೆದ ಬೇಸಿಗೆ ರಜೆಯಲ್ಲಿ ನಾನೂ ನನ್ನ ತಮ್ಮನೂ ಬೆಂಕಿಪೊಟ್ಟಣದ ರೈಲು ಮಾಡಿದೆವು. ಸೋಡಾ ಬಾಟಲಿ ಮುಚ್ಚಳಗಳೇ ಚಕ್ರ. ಬಿದಿರು ಸೀಳಿ ರಟ್ಟಿನ ಮೇಲೆ ಅಂಟಿಸಿ ಕಂಬಿ ಮಾಡಿದ್ದೆವು. ದಾರ ಕಟ್ಟಿ ಎಳೆದರೆ ನೇರ ದಾರಿಯಲ್ಲಿ ಚೆನ್ನಾಗಿ ಹೋಗ್ತಿತ್ತು. ಆದರೆ ತಿರುವು ಬಂದ ತಕ್ಷಣ ದಬಕ್ ಅಂತ ಬೀಳ್ತಿತ್ತು. ಮೂರು ಸಲ ಕಿತ್ತು ಮೂರು ಸಲ ಅಂಟಿಸಿದೆವು. ಮೂರು ಸಲವೂ ಬಿತ್ತು. ನನಗೆ ಸಿಟ್ಟು ಬಂದು ಕಾಲಲ್ಲಿ ಒದ್ದುಬಿಟ್ಟೆ. ತಮ್ಮ ಅತ್ತ. ಶಾಲೆ ಶುರುವಾದ ಮೇಲೆ ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಫ್ರಾಂಕ್ ಹಾರ್ನ್‌ಬಿ ಎಂಬುವರ ಜೀವನ ಚರಿತ್ರೆಯನ್ನು ಹೇಳಿದರು. ಅದನ್ನೇ ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ.

ಫ್ರಾಂಕ್ ಹಾರ್ನ್‌ಬಿಯವರು 1863ನೇ ಇಸವಿ ಮೇ 15ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದರು. ಅದು ಸಮುದ್ರಕ್ಕೆ ಹತ್ತಿರ ಇರುವ ದೊಡ್ಡ ಬಂದರು ಊರು. ಹಡಗುಗಳಿಂದ ಸಾಮಾನು ಇಳಿಸಲು ಅಲ್ಲಿ ದೊಡ್ಡ ದೊಡ್ಡ ಕ್ರೇನುಗಳು ಇದ್ದವು. ರೈಲಿಗೂ ಆ ಊರು ಬಹಳ ಹೆಸರುವಾಸಿ. ಹಾರ್ನ್‌ಬಿ ಹುಟ್ಟುವುದಕ್ಕೆ 33 ವರ್ಷ ಮುಂಚೆ, ಅಂದರೆ 1830ರಲ್ಲೇ, ಲಿವರ್‌ಪೂಲಿನಿಂದ ಮ್ಯಾಂಚೆಸ್ಟರಿಗೆ ಉಗಿಬಂಡಿಯ ರೈಲು ಶುರುವಾಗಿತ್ತು. ಹೀಗೆ ಅವರು ಕ್ರೇನು, ಹಡಗು, ರೈಲು ಇವುಗಳ ನಡುವೆಯೇ ಬೆಳೆದರು.

ಅವರ ತಂದೆ ದಿನಸಿ ವ್ಯಾಪಾರ ಮಾಡುತ್ತಿದ್ದರು. ಹಾರ್ನ್‌ಬಿಯವರು 16ನೇ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಹತ್ತಿರವೇ ಹಣದ ಲೆಕ್ಕ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅವರು ಎಂಜಿನಿಯರಿಂಗ್ ಓದಿದವರಲ್ಲ ಎಂಬುದನ್ನು ನಾವು ಗಮನಿಸಬೇಕು. 1887ರಲ್ಲಿ ಅವರಿಗೆ ಕ್ಲಾರಾ ಎಂಬ ಶಾಲಾ ಶಿಕ್ಷಕಿಯ ಜೊತೆ ಮದುವೆ ಆಯಿತು. ರೋಲಂಡ್, ಡಗ್ಲಸ್ ಎಂಬ ಇಬ್ಬರು ಗಂಡು ಮಕ್ಕಳು, ಪೆಟ್ರೀಷಿಯಾ ಎಂಬ ಹೆಣ್ಣು ಮಗು ಹುಟ್ಟಿದರು.

1899ರಲ್ಲಿ ತಂದೆ ತೀರಿಕೊಂಡರು. ವ್ಯಾಪಾರವೂ ಮುಚ್ಚಿಹೋಯಿತು. ಆಗ ಹಾರ್ನ್‌ಬಿಯವರಿಗೆ 36 ವರ್ಷ. ಸಂಸಾರ ನಡೆಯಬೇಕಲ್ಲ? ಅವರು ಎಲಿಯಟ್ ಎಂಬ ಮಾಂಸದ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ನಮ್ಮಪ್ಪ ಕೂಡ ಸೊಸೈಟಿಯಲ್ಲಿ ಲೆಕ್ಕ ಬರೆಯುವವರೇ. ಸಾಯಂಕಾಲ ಮನೆಗೆ ಬಂದಾಗ ಅವರ ಕಣ್ಣು ಕೆಂಪಾಗಿರುತ್ತೆ, ಬೆನ್ನು ನೋವು ಅಂತಾರೆ. ಆದ್ದರಿಂದ ಹಾರ್ನ್‌ಬಿಯವರಿಗೂ ಎಷ್ಟು ಸುಸ್ತಾಗಿರಬಹುದು ಅಂತ ನನಗೆ ಗೊತ್ತು. ಆದರೂ ಅವರು ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ತಗಡು ಕತ್ತರಿಸಿ ಮಕ್ಕಳಿಗೆ ಸೇತುವೆ, ಕ್ರೇನು, ಗಾಡಿ ಮಾಡಿಕೊಟ್ಟರು.

ಆದರೆ ಒಂದು ತೊಂದರೆ ಇತ್ತು. ಕ್ರೇನಿಗೆ ಅಂತ ಕತ್ತರಿಸಿದ ತಗಡು ಸೇತುವೆಗೆ ಆಗ್ತಿರಲಿಲ್ಲ. ಪ್ರತಿ ಸಲ ಹೊಸದಾಗಿ ಕತ್ತರಿಸಬೇಕಿತ್ತು. ಯೋಚನೆ ಮಾಡಿ ಮಾಡಿ ಅವರಿಗೆ ಒಂದು ಉಪಾಯ ಹೊಳೆಯಿತು. ಅರ್ಧ ಇಂಚು ಅಗಲದ ಪಟ್ಟಿಗಳನ್ನು ಮಾಡಿ, ಅವುಗಳಲ್ಲಿ ಅರ್ಧ ಅರ್ಧ ಇಂಚಿಗೆ ಒಂದೊಂದು ತೂತು ಕೊರೆದರು. ಎಲ್ಲಾ ಪಟ್ಟಿಯಲ್ಲೂ ತೂತುಗಳ ಅಂತರ ಒಂದೇ. ಆಗ ಯಾವ ಪಟ್ಟಿಯನ್ನು ಯಾವ ಪಟ್ಟಿಗೆ ಬೇಕಾದರೂ ನಟ್ಟು ಬೋಲ್ಟು ಹಾಕಿ ಜೋಡಿಸಬಹುದು. ಅದೇ ತೂತಿನಲ್ಲಿ ಸಣ್ಣ ಸರಳು ತೂರಿಸಿದರೆ ಚಕ್ರಕ್ಕೆ ಅಚ್ಚೂ ಆಗುತ್ತೆ. ಇವತ್ತು ಕ್ರೇನು ಮಾಡಿ, ನಾಳೆ ಬಿಚ್ಚಿ, ಅದೇ ಸಾಮಾನಿನಲ್ಲಿ ಸೇತುವೆ ಕಟ್ಟಬಹುದು. ತಪ್ಪಾದರೂ ಚಿಂತೆಯಿಲ್ಲ, ಏನೂ ಹಾಳಾಗುವುದಿಲ್ಲ. ಮೊದಮೊದಲು ಪಟ್ಟಿಗಳನ್ನು ಅವರೇ ತಾಮ್ರದ ತಗಡಿನಿಂದ ಕೈಯಲ್ಲಿ ಮಾಡಿದರು. ನಟ್ಟು ಬೋಲ್ಟುಗಳನ್ನೂ ಅವರೇ ಮಾಡಿದರು.

ಈ ಉಪಾಯವನ್ನು ಬೇರೆಯವರು ಕದಿಯಬಾರದು ಅಂದರೆ ಸರ್ಕಾರದಿಂದ ಪೇಟೆಂಟ್ ಪಡೆಯಬೇಕು. ಅದಕ್ಕೆ ಅವರ ಹತ್ತಿರ ದುಡ್ಡು ಇರಲಿಲ್ಲ. ಧಣಿಯಾದ ಎಲಿಯಟ್ ಅವರಿಂದ 5 ಪೌಂಡು ಸಾಲ ತೆಗೆದುಕೊಂಡು 1901ನೇ ಇಸವಿ ಜನವರಿಯಲ್ಲಿ ಪೇಟೆಂಟ್ ಮಾಡಿಸಿದರು. ಎಲಿಯಟ್ ಅವರು ಕೆಲಸ ಮಾಡಲು ಆಫೀಸಿನ ಪಕ್ಕದ ಖಾಲಿ ಕಟ್ಟಡವನ್ನೂ ಕೊಟ್ಟು ಪಾಲುದಾರರಾದರು. ಈ ಆಟಿಕೆಗೆ ಮೊದಲು ಇಟ್ಟ ಹೆಸರು ಮೆಕ್ಯಾನಿಕ್ಸ್ ಮೇಡ್ ಈಸಿ. ಅಂದರೆ ಯಂತ್ರಶಾಸ್ತ್ರ ಈಗ ಸುಲಭ ಅಂತ ಅರ್ಥ. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾಗಿದ್ದ ಹೀಲ್ ಷಾ ಎಂಬ ಪ್ರಾಧ್ಯಾಪಕರು ಇದನ್ನು ನೋಡಿ ಮೆಚ್ಚಿ ಪತ್ರ ಬರೆದುಕೊಟ್ಟರು.

ಅಷ್ಟಾದರೂ ಲಾಭ ಬರಲಿಲ್ಲ. 1903ರಲ್ಲಿ 1,500 ಪೆಟ್ಟಿಗೆ ಮಾರಿದರೂ ಕೈಗೆ ಏನೂ ಉಳಿಯಲಿಲ್ಲ. 1906ರಲ್ಲಿ ಮೊದಲ ಸಲ ಸ್ವಲ್ಪ ಲಾಭ ಕಂಡರು. ಪೇಟೆಂಟ್ ಆಗಿ ಐದು ವರ್ಷ ಕಳೆದಿತ್ತು ನೋಡಿ! ನಾನು ಮೂರು ಸಲಕ್ಕೇ ರೈಲನ್ನು ಒದ್ದೆ. ಅವರು ಐದು ವರ್ಷ ಹಗಲು ಲೆಕ್ಕ ಬರೆಯುತ್ತಾ ಈ ಕೆಲಸವನ್ನೂ ಬಿಡದೆ ಮಾಡಿದರು.

1907ರಲ್ಲಿ ಬೇಡಿಕೆ ಜಾಸ್ತಿಯಾಯಿತು. ಬಿಡಿಭಾಗ ಮಾಡಿಕೊಡುವವರು ಹೇಳಿದಷ್ಟು ಕೊಡಲು ಆಗಲಿಲ್ಲ. ಆಗ ಹಾರ್ನ್‌ಬಿಯವರು ಸಂಬಳದ ಕೆಲಸವನ್ನು ಬಿಟ್ಟರು. ಬಾಡಿಗೆ ಜಾಗ ಹಿಡಿದು, ಸಾಲ ಮಾಡಿ, ಸ್ವಂತ ಕಾರ್ಖಾನೆ ಶುರುಮಾಡಿದರು. ಅದೇ ವರ್ಷ ಆಟಿಕೆಗೆ ಮೆಕ್ಯಾನೋ ಎಂಬ ಹೊಸ ಹೆಸರನ್ನು ನೋಂದಾಯಿಸಿದರು. 1908ರಲ್ಲಿ ಮೆಕ್ಯಾನೋ ಕಂಪನಿ ಆಯಿತು. ಆದರೆ ಎಲಿಯಟ್ ಅವರು ಹೊಸ ಕಂಪನಿಗೆ ಬರುವುದಿಲ್ಲ ಎಂದು ತೀರ್ಮಾನಿಸಿದರು. ಹಾರ್ನ್‌ಬಿ ಒಬ್ಬರೇ ಉಳಿದರು. ವಯಸ್ಸು 45ರ ಹತ್ತಿರ. ಸಂಬಳ ಇಲ್ಲ, ಜೊತೆಗಾರ ಇಲ್ಲ, ತಲೆ ಮೇಲೆ ಸಾಲ. ನಮ್ಮ ಊರಲ್ಲಿ ಯಾರಾದರೂ ಹೀಗೆ ಮಾಡಿದರೆ ಜನ ಏನಂತಾರೆ ಅಂತ ನಿಮಗೇ ಗೊತ್ತು. ಆದರೆ ಅವರು ಹೆದರಲಿಲ್ಲ. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರೋಡ್ ಎಂಬಲ್ಲಿ ದೊಡ್ಡ ಕಾರ್ಖಾನೆಯನ್ನೇ ಕಟ್ಟಿಸಿದರು. 1916ರಲ್ಲಿ ಮಕ್ಕಳಿಗೋಸ್ಕರ ಮೆಕ್ಯಾನೋ ಮ್ಯಾಗಜೀನ್ ಎಂಬ ಪತ್ರಿಕೆಯನ್ನೂ ಹೊರಡಿಸಿದರು.

ಇನ್ನು ರೈಲಿನ ವಿಷಯಕ್ಕೆ ಬರೋಣ. ಒಂದನೇ ಮಹಾಯುದ್ಧಕ್ಕೆ ಮುಂಚೆ ಆಟದ ರೈಲು ಅಂದರೆ ಜರ್ಮನಿಯದೇ ಹೆಸರು. 1914ರಿಂದ 1918ರವರೆಗೆ ಯುದ್ಧ ನಡೆದಾಗ ಇಂಗ್ಲೆಂಡಿಗೆ ಆ ರೈಲುಗಳು ಬರುವುದು ನಿಂತುಹೋಯಿತು. ಯುದ್ಧ ಮುಗಿದ ಮೇಲೆ 1920ರಲ್ಲಿ ಹಾರ್ನ್‌ಬಿಯವರು ತಮ್ಮದೇ ಹೆಸರಿನಲ್ಲಿ ರೈಲು ತಯಾರಿಸಿದರು. ಅದು ತಗಡಿನ ರೈಲು. ಒಳಗೆ ಸ್ಪ್ರಿಂಗು ಇತ್ತು, ಕೀ ಕೊಟ್ಟರೆ ಓಡುತ್ತಿತ್ತು. ಇದರಲ್ಲೂ ಅವರು ತಮ್ಮ ಹಳೇ ಉಪಾಯವನ್ನು ಬಿಡಲಿಲ್ಲ. ಎಂಜಿನ್ನು, ಡಬ್ಬಿ ಎಲ್ಲವನ್ನೂ ನಟ್ಟು ಬೋಲ್ಟು ಬಿಚ್ಚಿ ಮತ್ತೆ ಜೋಡಿಸಬಹುದಿತ್ತು. ಮಗು ರೈಲನ್ನು ನೋಡಿದರೆ ಸಾಲದು, ಅದನ್ನು ಕಟ್ಟಬೇಕು ಎಂಬುದೇ ಅವರ ಆಸೆ. 1925ರಲ್ಲಿ ಕರೆಂಟಿನಿಂದ ಓಡುವ ರೈಲೂ ಬಂತು.

ಆ ರೈಲಿನ ಕಂಬಿಗಳು ತುಂಡು ತುಂಡಾಗಿ ಬರುತ್ತಿದ್ದವು. ಕೆಲವು ನೇರ, ಕೆಲವು ಬಾಗಿದವು. ಒಂದರ ತುದಿಯ ಕಡ್ಡಿಯನ್ನು ಇನ್ನೊಂದರ ತುದಿಗೆ ತೂರಿಸಿದರೆ ಸಾಕು. ಬಾಗಿದವನ್ನೇ ಸೇರಿಸಿದರೆ ದುಂಡಗೆ ಆಗುತ್ತೆ. ನಡುವೆ ನೇರ ಕಂಬಿ ಹಾಕಿದರೆ ಮೊಟ್ಟೆ ಆಕಾರ ಆಗುತ್ತೆ. ತಗಡಿನ ಸ್ಟೇಷನ್ನು, ಕೈಮರ, ಸುರಂಗ, ಸೇತುವೆ ಎಲ್ಲವೂ ಸಿಗುತ್ತಿದ್ದವು. ಮಕ್ಕಳು ಮನೆಯ ನೆಲದ ಮೇಲೆ ಇವನ್ನು ಹರಡಿಕೊಂಡು ತಮ್ಮದೇ ಒಂದು ರೈಲ್ವೆ ಮಾಡಿಕೊಳ್ಳುತ್ತಿದ್ದರು. 1928ರಲ್ಲಿ ಇಂಥ ಮಕ್ಕಳಿಗಾಗಿಯೇ ಹಾರ್ನ್‌ಬಿ ರೈಲ್ವೆ ಕಂಪನಿ ಎಂಬ ಸಂಘ ಆಯಿತು. ಹೆಸರು ಕಂಪನಿ ಅಂತ ಇದ್ದರೂ ಅದು ಮಕ್ಕಳ ಸಂಘ. ಒಬ್ಬನ ಹತ್ತಿರ ಇರುವ ಕಂಬಿಗೆ ಇನ್ನೊಬ್ಬನ ಕಂಬಿ ಸೇರಿಸಿ ದೊಡ್ಡ ದಾರಿ ಮಾಡುವರು. ಒಬ್ಬ ಸ್ಟೇಷನ್ ಮಾಸ್ಟರು, ಒಬ್ಬ ಗಾರ್ಡು, ಒಬ್ಬ ಕೈಮರದವನು. ವೇಳಾಪಟ್ಟಿ ಬರೆದುಕೊಂಡು ಸರಿಯಾದ ಹೊತ್ತಿಗೆ ರೈಲು ಬಿಡುವರು. ಎಲ್ಲಾ ಮನೆಯವರಿಗೂ ಆ ರೈಲು ಕೊಳ್ಳುವಷ್ಟು ಅನುಕೂಲ ಇರಲಿಲ್ಲ ಎಂಬುದೂ ನಿಜ. ಆದ್ದರಿಂದ ಕೂಡಿ ಆಡುವುದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತೆ.

1931ರಲ್ಲಿ ಹಾರ್ನ್‌ಬಿಯವರು ಎವರ್ಟನ್ ಕ್ಷೇತ್ರದಿಂದ ಇಂಗ್ಲೆಂಡಿನ ಪಾರ್ಲಿಮೆಂಟಿಗೂ ಆರಿಸಿ ಬಂದರು. 5 ಪೌಂಡು ಸಾಲ ಮಾಡಿದವರು ದೊಡ್ಡ ಶ್ರೀಮಂತರಾಗಿದ್ದರು. 1934ರಲ್ಲಿ ಅವರ ಕಂಪನಿಯ ಪುಟ್ಟ ಪುಟ್ಟ ಕಾರುಗಳು ಡಿಂಕಿ ಟಾಯ್ಸ್ ಎಂಬ ಹೆಸರಿನಿಂದ ಬಂದವು. 1936ನೇ ಇಸವಿ ಸೆಪ್ಟೆಂಬರ್ 21ರಂದು ತಮ್ಮ 73ನೇ ವಯಸ್ಸಿನಲ್ಲಿ ಅವರು ನಿಧನರಾದರು. ಲಿವರ್‌ಪೂಲ್ ಹತ್ತಿರದ ಮಗುಲ್ ಎಂಬ ಊರಿನ ಚರ್ಚಿನಲ್ಲಿ ಅವರ ಸಮಾಧಿ ಇದೆ.

ಅವರು ಹೋದ ಎರಡು ವರ್ಷಕ್ಕೆ, 1938ರಲ್ಲಿ, ಹಾರ್ನ್‌ಬಿ ಡಬ್ಲೊ ಎಂಬ ಇನ್ನೂ ಚಿಕ್ಕ ರೈಲು ಬಂತು. ಅದನ್ನು ನೋಡಲು ಅವರೇ ಇರಲಿಲ್ಲ. ನಿಮ್ಮ ಜಾಮೆಟ್ರಿ ಬಾಕ್ಸಿನ ಸ್ಕೇಲು ತೆಗೆದು ನೋಡಿ. 1920ರ ರೈಲಿನ ಎರಡು ಕಂಬಿಗಳ ನಡುವಿನ ಅಂತರ 32 ಮಿಲಿಮೀಟರು. ಡಬ್ಲೊ ರೈಲಿನದು ಬರೀ 16.5 ಮಿಲಿಮೀಟರು. ಇಂಗ್ಲೆಂಡಿನ ನಿಜವಾದ ರೈಲಿನದು 1,435 ಮಿಲಿಮೀಟರು. ನಮ್ಮ ಅರಸೀಕೆರೆಯಲ್ಲಿ ಕಾಣುವ ಬ್ರಾಡ್‌ಗೇಜಿನದು 1,676 ಮಿಲಿಮೀಟರು. ಕಂಬಿ ಚಿಕ್ಕದಾದಷ್ಟೂ ತಿರುವು ಚಿಕ್ಕದಾಗುತ್ತೆ. ಆದ್ದರಿಂದ ಡಬ್ಲೊ ರೈಲನ್ನು ಊಟದ ಮೇಜಿನ ಮೇಲೂ ಓಡಿಸಬಹುದಿತ್ತು. ಮುಂದೆ 1964ರಲ್ಲಿ ಮೆಕ್ಯಾನೋ ಕಂಪನಿ ಬೇರೆಯವರ ಕೈಗೆ ಹೋಯಿತು. 1979ರಲ್ಲಿ ಬಿನ್ಸ್ ರೋಡಿನ ಕಾರ್ಖಾನೆಯೂ ಮುಚ್ಚಿತು. ಆದರೂ ಹಾರ್ನ್‌ಬಿ ಎಂಬ ಹೆಸರಿನ ಆಟದ ರೈಲುಗಳು ಇಂದಿಗೂ ಬರುತ್ತಿವೆ.

ಸ್ನೇಹಿತರೇ, ಈ ಚರಿತ್ರೆ ಕೇಳಿದ ಮೇಲೆ ನಾನು ಮನೆಗೆ ಹೋಗಿ ನಮ್ಮ ಕಂಬಿಯನ್ನು ಅಳೆದು ನೋಡಿದೆ. ನೇರ ದಾರಿಯಲ್ಲಿ ಅಂತರ 30 ಮಿಲಿಮೀಟರು ಇತ್ತು. ತಿರುವಿನಲ್ಲಿ ಒಂದು ಕಡೆ 34, ಒಂದು ಕಡೆ 27. ಬೀಳದೆ ಇನ್ನೇನು ಮಾಡುತ್ತೆ? ತಪ್ಪು ರೈಲಿನದಲ್ಲ, ನಾವು ಕಣ್ಣಂದಾಜಿನಲ್ಲಿ ಅಂಟಿಸಿದ್ದೇ ತಪ್ಪು. ಆವತ್ತು ರಾತ್ರಿ ಅಪ್ಪನಿಗೆ ಹಾರ್ನ್‌ಬಿಯವರ ವಿಷಯ ಹೇಳಿದೆ. ಅಪ್ಪ ಊಟ ಮುಗಿಸಿ ಕನ್ನಡಕ ಹಾಕಿಕೊಂಡು ನಮ್ಮ ಜೊತೆ ಕೂತರು. 30 ಮಿಲಿಮೀಟರಿಗೆ ಸರಿಯಾಗಿ ಒಂದು ರಟ್ಟಿನ ತುಂಡು ಕತ್ತರಿಸಿ ಕೊಟ್ಟರು. ಆ ತುಂಡನ್ನು ಎರಡು ಕಂಬಿಗಳ ನಡುವೆ ಇಟ್ಟು ಇಟ್ಟು ಅಂಟಿಸಿದೆವು. ಈಗ ರೈಲು ತಿರುವಿನಲ್ಲಿ ನಿಧಾನವಾಗಿ ಹೋಗುತ್ತೆ. ಜೋರಾಗಿ ಎಳೆದರೆ ಮಾತ್ರ ಬೀಳುತ್ತೆ.

ಹಾರ್ನ್‌ಬಿಯವರಿಂದ ನಾವು ಕಲಿಯುವುದು ಏನೆಂದರೆ, ಕೆಟ್ಟ ವಸ್ತುವನ್ನು ಒದೆಯಬಾರದು, ಬಿಚ್ಚಿ ನೋಡಬೇಕು. ಅಳತೆ ಸರಿ ಇದ್ದರೆ ಮತ್ತೆ ಕಟ್ಟಬಹುದು. ಯಾರ ಮನೆಯಲ್ಲಾದರೂ ಖಾಲಿ ಬೆಂಕಿಪೊಟ್ಟಣ, ರಟ್ಟು ಇದ್ದರೆ ಎಸೆಯಬೇಡಿ, ನನಗೆ ತಂದುಕೊಡಿ. ಎಲ್ಲರೂ ಸೇರಿ ನಮ್ಮ ತರಗತಿಯಲ್ಲೇ ಒಂದು ದೊಡ್ಡ ರೈಲು ದಾರಿ ಮಾಡೋಣ. ಸ್ಟೇಷನ್ ಮಾಸ್ಟರ್ ಕೆಲಸ ಮಾತ್ರ ನನ್ನ ತಮ್ಮನಿಗೆ ಕೊಡಬೇಕು. ಅವನಿಗೆ ಮಾತು ಕೊಟ್ಟಿದ್ದೇನೆ.

ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.


ಏಳನೇ ತರಗತಿ ವಿದ್ಯಾರ್ಥಿ