ಹಗಲೆಲ್ಲ ನೀರಲ್ಲಿ ಕೂತ ಬಾತು ಸೋಮಾರಿಯಲ್ಲ: ಸಲೀಂ ಅಲಿ ಬದುಕಿನಿಂದ ಒಂದು ಪಾಠ

ಚಳಿಗಾಲದಲ್ಲಿ ಅರಸೀಕೆರೆ, ಹಳೇಬೀಡು ಕಡೆಯ ಕೆರೆಗಳಲ್ಲಿ ವಲಸೆ ಬಾತುಗಳನ್ನು ಕಂಡವರಿಗೆ ಒಂದು ಅನುಮಾನ ಬರಬಹುದು: ಇವು ಹಗಲೆಲ್ಲ ನೀರಿನ ನಡುವೆ ಸುಮ್ಮನೆ ಕೂತಿರುತ್ತವಲ್ಲ, ಕಾಯಿಲೆಯೇ? ಸಾಮಾನ್ಯವಾಗಿ ಅಲ್ಲ. ಅದನ್ನು ತಿಳಿಯಲು, ಹಕ್ಕಿ ನೋಡುವುದನ್ನೇ ಬದುಕಾಗಿಸಿಕೊಂಡ ಸಲೀಂ ಅಲಿ ಅವರಿಂದ ಶುರು ಮಾಡೋಣ.

ಅವರು ಹುಟ್ಟಿದ್ದು ಮುಂಬೈಯಲ್ಲಿ, 1896ರ ನವೆಂಬರ್ 12ರಂದು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಅದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಬದುಕಿನ ದಾರಿ ತೆರೆದದ್ದು ಅಲ್ಲೇ.

ಬರ್ಲಿನ್‌ನಲ್ಲಿ ಕಲಿತು 1930ರಲ್ಲಿ ಮರಳಿದಾಗ ಕೈಯಲ್ಲಿ ಕೆಲಸವಿರಲಿಲ್ಲ. ಮುಂಬೈ ಬಳಿಯ ಕಿಹಿಮ್ ಎಂಬ ಕಡಲೂರಿನಲ್ಲಿ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಗೀಜಗಗಳನ್ನು ನೋಡಿದರು. ಮರೆ ಏಕೆ? ನಾವು ಕಣ್ಣಿಗೆ ಬಿದ್ದರೆ ಹಕ್ಕಿ ತನ್ನ ಕೆಲಸ ಬಿಟ್ಟು ನಮ್ಮನ್ನೇ ಗಮನಿಸತೊಡಗುತ್ತದೆ.

1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. 1939–40ರಲ್ಲಿ, ಹಾಸನ ಜಿಲ್ಲೆಯೂ ಸೇರಿದ್ದ ಅಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಮೈಸೂರು ಅರಸರ ಮನವೊಲಿಸಿದ್ದು ಅವರೇ. ಮುಂದೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಜಾಡು ಹಿಡಿಯುವ ಕೆಲಸ ಮುನ್ನಡೆಸಿದರು. 1987ರಲ್ಲಿ, 90ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಹೊಟ್ಟೆಯೋ, ಜೀವವೋ?

ಈಗ ಬಾತುಗಳ ಲೆಕ್ಕಕ್ಕೆ ಬರೋಣ. ತಲೆ ತಗ್ಗಿಸಿದರೆ ಮೇವು ಸಿಗುತ್ತದೆ, ಆದರೆ ಗಿಡುಗ, ನರಿ ಬಂದರೆ ಗೊತ್ತಾಗುವುದಿಲ್ಲ. ತಲೆ ಎತ್ತಿ ಕಾದರೆ ಜೀವ ಉಳಿಯುತ್ತದೆ, ಮೇವು ತಪ್ಪುತ್ತದೆ. ಗುಂಪು ದೊಡ್ಡದಾದಷ್ಟೂ ಕಾಯುವ ಕಣ್ಣು ಹೆಚ್ಚು. ಒಂದೊಂದು ಹಕ್ಕಿಗೂ ತಿನ್ನಲು ಹೆಚ್ಚು ಸಮಯ ಸಿಗುತ್ತದೆ. ಗುಂಪಿನ ಅಂಚಿನಲ್ಲಿರುವ ಬಾತು ಒಂದು ಕಣ್ಣು ತೆರೆದೇ ನಿದ್ದೆ ಮಾಡಬಲ್ಲದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಹಗಲು ನೀರಿನಲ್ಲಿ ಸುರಕ್ಷಿತವಾಗಿ ದಣಿವಾರಿಸಿಕೊಂಡು, ಹೆಚ್ಚಾಗಿ ಸಂಜೆ ಮತ್ತು ರಾತ್ರಿ ಹೊಲಗಳಲ್ಲಿ ಮೇಯುತ್ತದೆ.

ಅದಕ್ಕೇ ಸೆಲ್ಫಿಗೆಂದು ಹತ್ತಿರ ಹೋಗುವುದು, ಡ್ರೋನ್ ಹಾರಿಸುವುದು ಬೇಡ. ನಾವು ಎಬ್ಬಿಸಿದ ಪ್ರತಿ ಸಲವೂ ಅವು ಮೇವಿನ ಸಮಯ ಕಳೆದುಕೊಳ್ಳುತ್ತವೆ, ಮೈಯ ಕೊಬ್ಬನ್ನೂ ಕರಗಿಸುತ್ತವೆ. ಹಿಮಾಲಯ ದಾಟಿ ಮರಳಲು ಹೆಬ್ಬಾತಿಗೆ ಆ ಕೊಬ್ಬೇ ಇಂಧನ.

ಕತ್ತು ಜೋತುಬಿದ್ದ, ಹಾರಲಾಗದ ಹಕ್ಕಿ ಕಂಡರೆ ಮಾತ್ರ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಉಳಿದಂತೆ ದೂರದಿಂದಲೇ ನೋಡೋಣ.