ಮಹಾರಾಣಿ ಲಕ್ಷ್ಮಮ್ಮಣ್ಣಿ: ಸಂಧಾನಪತ್ರದಿಂದ ತೈಲಚಿತ್ರದವರೆಗೆ

ಮೈಸೂರಿನ ಚರಿತ್ರೆಕಾರರು ಹೈದರ್, ಟಿಪ್ಪು, ಪೂರ್ಣಯ್ಯನವರಿಗೆ ಮೀಸಲಿಟ್ಟಷ್ಟು ಪುಟಗಳನ್ನು ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಲಕ್ಷ್ಮಮ್ಮಣ್ಣಿಯವರಿಗೆ ನೀಡಿಲ್ಲ. 1761ರಲ್ಲಿ ಅಧಿಕಾರ ಹೈದರನ ಕೈಸೇರಿತು. 1766ರಲ್ಲಿ ಪತಿ ತೀರಿಕೊಂಡರು. ಅನಂತರ ಗದ್ದುಗೆಯ ಮೇಲೆ ಹೆಸರಿಗಷ್ಟೇ ಅರಸರು ಕುಳಿತರು. 1796ರ ಬಳಿಕ ಆ ನೆಪವೂ ಉಳಿಯಲಿಲ್ಲ. ಇಂಥ ಸ್ಥಿತಿಯಲ್ಲಿಯೂ ಲಕ್ಷ್ಮಮ್ಮಣ್ಣಿಯವರು ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಸಂಧಾನ ನಡೆಸಿದರು. 1782ರ ಒಪ್ಪಂದ ಆ ದೀರ್ಘ ಪ್ರಯತ್ನದ ಫಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ವರ್ಷಕ್ಕೆ 7 ಲಕ್ಷ ಪಗೋಡ ಸಹಾಯಧನದ ಹೊರೆಯೂ ಜೊತೆಗೇ ಬಂದಿತು. ರಾಣಿಯವರಿಗೆ ದೊರೆತದ್ದು ಸಿಂಹಾಸನವೇ ಹೊರತು ಸಾರ್ವಭೌಮತ್ವವಲ್ಲ.

ಅವರ ಬಾಳಿನ ಕೊನೆಯ ಘಟ್ಟಕ್ಕೆ ಸಾಕ್ಷ್ಯ ದೊರೆಯುವುದು ಒಂದು ತೈಲಚಿತ್ರದಲ್ಲಿ. ಪೂರ್ಣಯ್ಯನವರ ಭಾವಚಿತ್ರವನ್ನೂ ರಚಿಸಿದ ಐರ್ಲೆಂಡಿನ ಥಾಮಸ್ ಹಿಕ್ಕಿ ಸುಮಾರು 1805ರಲ್ಲಿ ಮೂವರು ಸ್ತ್ರೀಯರನ್ನು ಚಿತ್ರಿಸಿದ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಕುಲೀನ ಮಹಿಳೆಯರ ರೊಕೊಕೊ ಭಾವಚಿತ್ರಗಳು ರೇಷ್ಮೆ, ಆಭರಣ, ಮೈಕಾಂತಿಗಳನ್ನೇ ಮೆರೆಸುತ್ತಿದ್ದವು. ಬಹುಶಃ ಆ ಕಣ್ಣಿನಿಂದಲೇ ನೋಡಿದ್ದರಿಂದ ಈ ಮೂವರನ್ನು ನರ್ತಕಿಯರೆಂದು ಬಹುಕಾಲ ಭಾವಿಸಲಾಗಿತ್ತು. ರಾಣಿವಾಸದ ಸ್ತ್ರೀಯರು ಪರಪುರುಷನ ಮುಂದೆ ಕುಳಿತಾರೆಂದು ಯಾರೂ ಊಹಿಸಲಿಲ್ಲ! 2001ರಲ್ಲಿ ಪ್ರಕಟವಾದ ನೈಜೆಲ್ ಚಾನ್ಸಲರ್ ಅವರ ಸಂಶೋಧನೆ ಈ ಗ್ರಹಿಕೆಯನ್ನು ತಲೆಕೆಳಗು ಮಾಡಿತು. ಅವರ ಪ್ರಕಾರ ಬಲಗಡೆಯವರು ಮುಮ್ಮಡಿಯವರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೀರೆಯ ಸೆರಗನ್ನು ಸರಿಸಿ ಎಡತೋಳನ್ನು ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಸೂಚಿಸಲು. ಎಡಗಡೆ ಅದೇ ಹೆಸರಿನ ಹಿರಿಯ ರಾಣಿ. ಆಕೆಯ ಮೂಗು ಬಾಯಿಗಳ ಸುತ್ತಲಿನ ಬಣ್ಣಗೇಡು ಹಳೆಯ ಪದ್ಧತಿಯಲ್ಲಿ ಸಿಡುಬನ್ನೇ ಅಂಟಿಸಿಕೊಂಡುದರ ಗುರುತು. ನಡುವಿನವರು ಲಕ್ಷ್ಮಮ್ಮಣ್ಣಿ.

ನಡುವಿನ ಸ್ತ್ರೀಯ ಗುರುತು ಹಾವಭಾವ, ಸಂದರ್ಭಗಳನ್ನು ಆಧರಿಸಿದ ಊಹೆಯೇ ಆದರೂ ಯುಕ್ತವಾಗಿದೆ. ಜೆನ್ನರನ ಗೋಸಿಡುಬಿನ ಲಸಿಕೆ ಮುಂಬಯಿಗೆ ಬಂದದ್ದು 1802ರಲ್ಲಿ. ಒಬ್ಬರ ತೋಳಿನ ಗುಳ್ಳೆಯ ಕೀವನ್ನು ಇನ್ನೊಬ್ಬರ ತೋಳಿಗೆ ದಾಟಿಸುತ್ತ ಅದನ್ನು ಊರಿಂದೂರಿಗೆ ಒಯ್ಯಬೇಕಿತ್ತು. ಮಡಿ, ಜಾತಿಗಳ ಸಮಾಜಕ್ಕೆ ಇದು ಸಣ್ಣ ಮಾತಲ್ಲ. ಮೇಲಾಗಿ ಅರಸ ಮತ್ತು ರಾಣಿಯರು ಇನ್ನೂ ಎಳೆಯರು. ಅರಮನೆಯ ಹಿರಿಯರ ಒಪ್ಪಿಗೆಯಿಲ್ಲದೆ ಆ ತೋಳಿಗೆ ಲಸಿಕೆ ಬೀಳುವುದಾಗಲಿ, ಅದು ಚಿತ್ರದಲ್ಲಿ ಕಾಣಿಸಿಕೊಳ್ಳುವುದಾಗಲಿ ಸಾಧ್ಯವಿರಲಿಲ್ಲ. ಚಿತ್ರದಿಂದ ಕಂಪನಿಗೆ ಪ್ರಚಾರದ ಲಾಭವಿದ್ದುದು ನಿಜ. ಆದರೆ ಸಂಧಾನದ ವಿದ್ಯೆಯಲ್ಲಿ ಪಳಗಿದ್ದ ಲಕ್ಷ್ಮಮ್ಮಣ್ಣಿಯವರನ್ನು ಕಂಪನಿಯ ಕೈಗೊಂಬೆಯೆಂದು ಓದುವುದು ಅವರ ಹಿಂದಿನ ನಾಲ್ಕು ದಶಕಗಳನ್ನು ಮರೆತಂತೆ.

1810ರಲ್ಲಿ ಅವರು ತೀರಿಕೊಂಡರು. ಮರುವರ್ಷ ಪೂರ್ಣಯ್ಯನವರು ಆಡಳಿತವನ್ನು ಮುಮ್ಮಡಿಯವರಿಗೆ ಒಪ್ಪಿಸಿದರು. ಚಿತ್ರ 2007ರಲ್ಲಿ ಸೋದೆಬಿಸ್ ಹರಾಜಿಗೆ ಬಂದಿತು.