ಕಡಲಾಚೆ ಹೋಗಿ ನಮ್ಮ ಮಾತನ್ನು ಕೇಳಿಸಿಕೊಂಡವರು: ಟಿ. ಪಿ. ಕೈಲಾಸಂ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ದೇಶ ಸುತ್ತಿದವರೆಲ್ಲರೂ ಬುದ್ಧಿವಂತರಾಗಿ ಹಿಂದಿರುಗಿದರೆಂದು ಹೇಳಲು ಬರುವಂತಿಲ್ಲ. ಹಿಂದಿನ ಕಾಲದಲ್ಲಿ ಹಡಗು ಹತ್ತಿ ವಿಲಾಯತಿಗೆ ಹೋದವರಲ್ಲಿ ಕೆಲವರು ಟೋಪಿಯನ್ನೂ ಚುರುಟನ್ನೂ ಮಾತ್ರ ತಂದರು. ಕೆಲವರು ಪದವಿಯನ್ನು ತಂದರು. ಎಲ್ಲೋ ಒಬ್ಬಿಬ್ಬರು, ಹೋಗುವಾಗ ತಮ್ಮಲ್ಲಿ ಇಲ್ಲದಿದ್ದ ಒಂದು ಹೊಸ ಕಿವಿಯನ್ನೇ ಪಡೆದು ಬಂದರು. ಅಂಥ ಒಬ್ಬರ ಚರಿತ್ರೆಯನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ. ಅವರೇ ತ್ಯಾಗರಾಜ ಪರಮಶಿವ ಕೈಲಾಸಂ.

ಇದನ್ನು ಬರೆಯಲು ನಮಗೊಂದು ಸ್ವಂತ ಕಾರಣವೂ ಉಂಟು. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾವು ಠಾಣೆಯ ಮಾಜಿವಾಡಾದಲ್ಲಿ, ಘೋಡ್‌ಬಂದರ್ ರಸ್ತೆಯೂ ಹಳೆಯ ಆಗ್ರಾ ರಸ್ತೆಯೂ ಕೂಡುವ ನಾಕೆಯ ಸಮೀಪದಲ್ಲಿ, ಒಂದು ಚಿಕ್ಕ ಹೋಟೆಲನ್ನು ನಡೆಸುತ್ತಿದ್ದೆವು. ಊರಿನಿಂದ ಬಂದು ಮೇಜು ಒರೆಸುವ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬನು ರಾತ್ರಿ ಬಾಗಿಲೆಳೆದ ಮೇಲೆ ಆ ದಿನದ ಗಿರಾಕಿಗಳ ಮಾತನ್ನು ಇದ್ದದ್ದು ಇದ್ದಂತೆಯೇ ಆಡಿ ತೋರಿಸುತ್ತಿದ್ದನು. ಲಾರಿ ಚಾಲಕನ ಹಿಂದಿ, ಗುಮಾಸ್ತನ ಮರಾಠಿ, ಅಡುಗೆಭಟ್ಟರ ಕುಂದಾಪುರದ ಕನ್ನಡ, ಕೊನೆಗೆ ಗಲ್ಲಾದ ಮೇಲೆ ಕುಳಿತ ನಮ್ಮದೇ ಸಿಡುಕು, ಎಲ್ಲವೂ ಅವನ ನಾಲಿಗೆಯ ಮೇಲಿದ್ದವು. ಅವನು ಅವುಗಳನ್ನು ಬಿಲ್ಲು ಪುಸ್ತಕದ ಹಾಳೆಗಳ ಬೆನ್ನಿನಲ್ಲಿ ಬರೆದಿಡುತ್ತಲೂ ಇದ್ದನು. ಒಂದು ದಿನ ಆ ಹಾಳೆಗಳು ನಮ್ಮ ಕೈಗೆ ಸಿಕ್ಕಿದವು. ಕಾಗದ ಹಾಳುಮಾಡಿದನೆಂದು ಗದರಿಸಿ, ಎಲ್ಲರೆದುರಿಗೆ ಅವುಗಳನ್ನು ಹರಿದು ಹಾಕಿದೆವು. ತಿಂಗಳು ತುಂಬುತ್ತಲೇ ಹುಡುಗನು ಸಂಬಳ ತೆಗೆದುಕೊಂಡು ಹೊರಟುಹೋದನು. ಕೈಲಾಸಂ ಅವರ ನಾಟಕಗಳನ್ನು ನಾವು ಗಮನವಿಟ್ಟು ಓದಿದುದು ಅದಾದ ಎಷ್ಟೋ ಕಾಲದ ಮೇಲೆ. ಓದುತ್ತ ಹೋದಂತೆ ನಾವು ಹರಿದದ್ದು ಏನನ್ನೆಂಬುದು ನಮಗೆ ಅರಿವಾಯಿತು.

ಕೈಲಾಸಂ ಹುಟ್ಟಿದುದು 1884ನೆಯ ಇಸವಿಯ ಜುಲೈ 29ರಂದು, ಬೆಂಗಳೂರಿನಲ್ಲಿ. ಗುಬ್ಬಿಯ ಪ್ರಸಿದ್ಧ ನಾಟಕ ಕಂಪನಿಯು ಸ್ಥಾಪನೆಯಾದುದೂ ಅದೇ ವರ್ಷದಲ್ಲಿ. ತಂದೆ ಪರಮಶಿವ ಅಯ್ಯರ್ ಅವರು ಮೈಸೂರು ಸಂಸ್ಥಾನದ ನ್ಯಾಯಾಧೀಶರು. ವೇದಗಳಲ್ಲಿಯೂ ಭೂಗರ್ಭಶಾಸ್ತ್ರದಲ್ಲಿಯೂ ಆಸಕ್ತಿಯಿದ್ದ ದೊಡ್ಡ ವಿದ್ವಾಂಸರು. ಮನೆಮಾತು ತಮಿಳು. ಕನ್ನಡವು ಅವರಿಗೆ ನೆರೆಹೊರೆಯಿಂದ, ಆಟದ ಬಯಲಿನಿಂದ, ಸಂಸ್ಥಾನದ ಬೀದಿಗಳಿಂದ ಬಂದ ಭಾಷೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಓದುಬರಹಕ್ಕೆ ಕನ್ನಡವನ್ನು ಹಿಡಿದ ನಮ್ಮ ವಾಚಕರಿಗೆ ಈ ಸಂಗತಿಯು ವಿಚಿತ್ರವಾಗಿ ತೋರಲಾರದು. ಹುಟ್ಟಿನಿಂದ ಬಂದ ಭಾಷೆಯನ್ನು ನಾವು ಉಸಿರಾಟದಂತೆ ಮರೆತಿರುತ್ತೇವೆ. ಹೊರಗಿನಿಂದ ಪಡೆದ ಭಾಷೆಯನ್ನು ಕಿವಿಗೊಟ್ಟು ಕೇಳುತ್ತೇವೆ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು, ಕೈಲಾಸಂ ಭೂಗರ್ಭಶಾಸ್ತ್ರವನ್ನು ಕಲಿಯಲು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ತೆರಳಿದರು. ಕಲ್ಲು ಮಣ್ಣುಗಳ ಶಾಸ್ತ್ರದಲ್ಲಿ ಅವರು ಉತ್ತಮ ವಿದ್ಯಾರ್ಥಿಯೆಂದೇ ಹೆಸರಾದರು. ಆದರೆ ಅವರ ಸಂಜೆಗಳು ಕಾಲೇಜಿಗೆ ಸೇರಿದವುಗಳಾಗಿರಲಿಲ್ಲ. ನಾಟಕಶಾಲೆಗಳಲ್ಲಿಯೂ, ಕೂಲಿಕಾರರು ಗುಮಾಸ್ತರು ಗುಂಪುಗೂಡಿ ಹಾಡು ಹಾಸ್ಯಗಳನ್ನು ಕೇಳುತ್ತಿದ್ದ ಸಂಗೀತಶಾಲೆಗಳಲ್ಲಿಯೂ ಅವು ಕಳೆದವು.

ಆ ಲಂಡನ್ ಎಂಥದಾಗಿದ್ದಿತು? ನಾರ್ವೆಯ ಇಬ್ಸನ್ ಮಹಾಶಯನು ತೆರೆದ ದಾರಿಯಲ್ಲಿ ಅಲ್ಲಿನ ರಂಗಭೂಮಿಯು ರಾಜಾಧಿರಾಜರನ್ನು ಬಿಟ್ಟು ಸಾಮಾನ್ಯರ ಮನೆಯ ಹಜಾರಕ್ಕೆ ಇಳಿದು ಬಂದಿದ್ದಿತು. ಗಂಡಹೆಂಡಿರ ಜಗಳ, ಸಾಲ, ಮರ್ಯಾದೆಯ ಸುಳ್ಳು ವೇಷ, ಇವೇ ನಾಟಕದ ವಸ್ತುಗಳಾಗಿದ್ದವು. ಕೈಲಾಸಂ ಆ ನಗರದಲ್ಲಿದ್ದಾಗಲೇ, 1914ರಲ್ಲಿ, ಬರ್ನಾರ್ಡ್ ಷಾ ಅವರ ಪಿಗ್ಮೇಲಿಯನ್ ನಾಟಕವು ಅಲ್ಲಿ ರಂಗಕ್ಕೆ ಬಂದಿತು. ಬೀದಿಯಲ್ಲಿ ಹೂ ಮಾರುವ ಹುಡುಗಿಯ ನಾಲಿಗೆಯನ್ನು ತಿದ್ದಿ ದೊರೆಸಾನಿಯನ್ನಾಗಿ ಮಾಡಲು ಹೊರಟ ಪಂಡಿತನೊಬ್ಬನ ಕಥೆ ಅದು. ಅಂದರೆ ಮಾತಿನ ರೀತಿಯೇ ಅದರ ವಸ್ತು. ಇಂಗ್ಲಿಷರ ಮಾತನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡ ಷಾ ಮಹಾಶಯರು ಇಂಗ್ಲಿಷರಾಗಿರಲಿಲ್ಲ. ಅವರು ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹುಟ್ಟಿ, ಇಪ್ಪತ್ತರ ಹರೆಯದಲ್ಲಿ ಹೊಟ್ಟೆಪಾಡಿಗಾಗಿ ಲಂಡನ್ನಿಗೆ ಬಂದವರು.

ಅದೇ ದಿನಗಳಲ್ಲಿ ಇನ್ನೊಂದು ಹಾಡೂ ಎಲ್ಲರ ಬಾಯಲ್ಲಿದ್ದಿತು. 1912ರಲ್ಲಿ ಹುಟ್ಟಿ, 1914ರ ಮಹಾಯುದ್ಧಕ್ಕೆ ಹೊರಟ ಸಿಪಾಯಿಗಳ ಬಾಯಿಂದ ಲೋಕವೆಲ್ಲ ಹರಡಿದ ಟಿಪ್ಪರರಿಯ ಹಾಡು ಅದು. ಐರ್ಲೆಂಡಿನ ಹಳ್ಳಿಗನೊಬ್ಬನು ಲಂಡನ್ನಿಗೆ ಬಂದು, ಅದರ ಬೀದಿಗಳ ಬೆಡಗಿಗೆ ಬೆರಗಾಗಿ, ಮತ್ತೆ ತನ್ನೂರಿನ ದೂರವನ್ನು ನೆನೆದು ಹಂಬಲಿಸುವುದೇ ಅದರ ಅರ್ಥ. ಕೈಲಾಸಂ ಈ ಹಾಡನ್ನು ಕನ್ನಡಕ್ಕೆ ತಂದಾಗ ಟಿಪ್ಪರರಿಯು ತಿಪ್ಪಾರಹಳ್ಳಿಯಾಯಿತು. ಒಂದೆರಡು ಅಕ್ಷರಗಳ ಬದಲಾವಣೆಯಿಂದ ಐರ್ಲೆಂಡಿನ ಸೀಮೆಯೊಂದು ಮೈಸೂರು ಸೀಮೆಯ ಹಳ್ಳಿಯಾಗಿ ನಿಂತಿತು. ಅದನ್ನು ಬರಿಯ ವಿನೋದವೆಂದು ಎಣಿಸುವವರು ಎಣಿಸಲಿ. ದಾದರಿನಲ್ಲಿಯೋ ಕಲ್ಯಾಣದಲ್ಲಿಯೋ ಊರಿನ ಬಸ್ಸನ್ನು ಕಾಯುತ್ತ ನಿಂತವನಿಗೆ ಆ ಹಾಡು ಬರಿಯ ವಿನೋದವಲ್ಲವೆಂಬುದು ಗೊತ್ತು.

ಸುಮಾರು ಆರು ವರ್ಷಗಳ ಪರದೇಶವಾಸವನ್ನು ಮುಗಿಸಿ 1915ರಲ್ಲಿ ಕೈಲಾಸಂ ತಾಯ್ನಾಡಿಗೆ ಮರಳಿದರು. ಮೈಸೂರು ಸರ್ಕಾರದ ಭೂಗರ್ಭ ಇಲಾಖೆಯಲ್ಲಿ ಕೆಲಸ ದೊರೆಯಿತು. ತಂದೆಯ ಹೆಸರು, ವಿಲಾಯತಿಯ ವಿದ್ಯೆ, ಸರ್ಕಾರದ ಹುದ್ದೆ, ಮೂರೂ ಕೂಡಿದ್ದವು. ಅವರಾದರೋ ಕೆಲವೇ ವರ್ಷಗಳಲ್ಲಿ ಹುದ್ದೆಯನ್ನು ತೊರೆದು ನಾಟಕದ ಹುಚ್ಚಿಗೆ ತಮ್ಮನ್ನು ತೆತ್ತುಕೊಂಡರು. ಮನೆಯವರಿಗೆ ಇದರಿಂದ ಎಷ್ಟು ನೋವಾಗಿದ್ದಿತೆಂಬುದನ್ನು ಮಕ್ಕಳನ್ನು ಓದಿಸಿದ ತಂದೆತಾಯಿಗಳು ಊಹಿಸಿಕೊಳ್ಳಬಲ್ಲರು.

ಆಗಿನ ಕನ್ನಡ ರಂಗಭೂಮಿಯ ವೈಭವವು ಕಡಿಮೆಯದೇನಲ್ಲ. ವರದಾಚಾರ್ಯರಂಥ ಮಹಾನಟರು ಜನರನ್ನು ಮೋಹಗೊಳಿಸುತ್ತಿದ್ದ ಕಾಲವದು. ಆದರೆ ಅಲ್ಲಿ ಮಾತನಾಡುತ್ತಿದ್ದವರು ದೇವತೆಗಳು, ರಾಜರು, ಋಷಿಗಳು. ಅವರ ಭಾಷೆಯು ಗ್ರಂಥಗಳ ಭಾಷೆ. ನೋಡಲು ಬಂದ ಜನರು ಮನೆಗೆ ಹೋಗಿ ಆಡುತ್ತಿದ್ದ ಕನ್ನಡಕ್ಕೆ ರಂಗದ ಮೇಲೆ ಸ್ಥಳವಿರಲಿಲ್ಲ. ಇದ್ದರೂ ಅದು ವಿದೂಷಕನ ಪಾಲಿಗೆ. ಕೈಲಾಸಂ ಈ ಕಟ್ಟನ್ನು ಒಡೆದರು. 1918ರ ಸುಮಾರಿಗೆ ಅವರ ಟೊಳ್ಳುಗಟ್ಟಿ ಬಂದಿತು. ಒಂದು ಮನೆ, ಇಬ್ಬರು ಮಕ್ಕಳು. ಒಬ್ಬನು ಪರೀಕ್ಷೆಯಲ್ಲಿ ಮೊದಲಿಗ, ಪುಸ್ತಕದ ಹೊರತು ಬೇರೇನನ್ನೂ ಕಾಣದವನು. ಇನ್ನೊಬ್ಬನು ಪರೀಕ್ಷೆಯಲ್ಲಿ ಹಿಂದುಳಿದವನು, ಮನೆಯವರ ಸೇವೆಯಲ್ಲಿ ಮೊದಲಿಗ. ಕಷ್ಟ ಬಂದ ಗಳಿಗೆಯಲ್ಲಿ ಟೊಳ್ಳು ಯಾವುದು, ಗಟ್ಟಿ ಯಾವುದು ಎಂಬುದು ಹೊರಬೀಳುತ್ತದೆ. ನಾವು ಎಸ್.ಎಸ್.ಎಲ್.ಸಿ.ಯಲ್ಲಿಯೇ ಓದು ನಿಲ್ಲಿಸಿದವರು. ನಮ್ಮ ವಾಚಕರಲ್ಲಿ ಅದಕ್ಕಿಂತ ಮೊದಲೇ ತಟ್ಟೆ ಲೋಟ ಹಿಡಿದವರೂ ಉಂಟು. ವಿಲಾಯತಿಯಲ್ಲಿ ಓದಿ ಬಂದ ಪಂಡಿತರೇ ಈ ನಾಟಕವನ್ನು ಬರೆದರೆಂಬುದನ್ನು ಅವರು ಲಕ್ಷಿಸಬೇಕು.

ಆಮೇಲೆ ಒಂದರ ಹಿಂದೊಂದು ನಾಟಕಗಳು ಬಂದವು. ಬಂಡ್ವಾಳವಿಲ್ಲದ ಬಡಾಯಿಯಲ್ಲಿ ವರಮಾನವಿಲ್ಲದ ವಕೀಲನ ಠೀವಿ. ಪೋಲಿ ಕಿಟ್ಟಿಯಲ್ಲಿ ಪೋಲಿಯೆಂದು ಎಲ್ಲರೂ ಜರೆದ ಹುಡುಗನ ಒಳ್ಳೆಯ ಹೃದಯ. ತಾಳಿ ಕಟ್ಟೋಕ್ಕೂಲಿನೇದಲ್ಲಿ ವರನಿಗೆ ಬೆಲೆ ಕಟ್ಟುವ ಪದ್ಧತಿ. ಬಹಿಷ್ಕಾರದಲ್ಲಿ ಜಾತಿಯ ಕಟ್ಟಿಗೆ ಸಿಕ್ಕಿ ನರಳುವ ಸಂಸಾರ. ಇವುಗಳಲ್ಲಿ ಓದಿದ ಯುವಕರು ಇಂಗ್ಲಿಷಿಗೆ ಕನ್ನಡದ ಬಾಲ ಕಟ್ಟಿ ಮಾತನಾಡುತ್ತಾರೆ. ಹೆಂಗಸರು ಅಡುಗೆಮನೆಯ ಕನ್ನಡವನ್ನಾಡುತ್ತಾರೆ. ಆಳುಕಾಳುಗಳು ತಮ್ಮದನ್ನು ಆಡುತ್ತಾರೆ. ಇದು ಕನ್ನಡವೇ ಎಂದು ಮೂಗು ಮುರಿದ ವಿದ್ವಾಂಸರಿದ್ದರು. ಆದರೆ ಸಭೆಯಲ್ಲಿ ಕುಳಿತ ಜನರು ತಮ್ಮ ಮನೆಯನ್ನೇ ರಂಗದ ಮೇಲೆ ಕಂಡು ನಕ್ಕರು, ನಕ್ಕ ಮೇಲೆ ನಾಚಿದರು.

ಇದರಲ್ಲಿ ಪರದೇಶವಾಸದ ಪಾಲೆಷ್ಟು ಎಂದು ಯಾರಾದರೂ ಕೇಳಬಹುದು. ಕೈಲಾಸಂ ಲಂಡನ್ನಿನಿಂದ ಲಂಡನ್ನಿನ ಮನೆಗಳನ್ನು ತರಲಿಲ್ಲ. ಕೋಟು ಬಿಚ್ಚಿ ಪಂಚೆ ಉಡಿಸಿದ ಇಂಗ್ಲಿಷ್ ನಾಟಕಗಳನ್ನು ಬರೆದಿದ್ದರೆ ಅವರ ಹೆಸರು ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಸಾಮಾನ್ಯನ ಮಾತು ಸಾಹಿತ್ಯಕ್ಕೆ ಯೋಗ್ಯವೆಂಬ ಧೈರ್ಯವನ್ನು ಅವರು ಅಲ್ಲಿ ಕಂಡರು. ಆ ಧೈರ್ಯವನ್ನು ತಂದು ಇಲ್ಲಿಯ ಮಾತಿಗೆ ಕೊಟ್ಟರು. ಇಂಗ್ಲಿಷರ ಹಾಡೊಂದರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡಿದ್ದನ್ನು ಕಂಡು, ಅದೇ ಚಮತ್ಕಾರವನ್ನು ಅವರು ಕೋಳಿಕೆರಂಗನೆಂಬ ಹಳ್ಳಿಗನ ಹೆಸರಿಗೆ ಹೂಡಿದರು. ಇಂದಿಗೂ ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಕೋಳಿಕೆರಂಗನನ್ನು ಹಾಡುವುದುಂಟು. ಹಾಡುವ ಮಕ್ಕಳಿಗೆ ಕಾನ್‌ಸ್ಟಾಂಟಿನೋಪಲ್ಲಿನ ನೆನಪಿಲ್ಲ; ಇರಬೇಕಾದ ಅಗತ್ಯವೂ ಇಲ್ಲ.

ಕೈಲಾಸಂ ಅವರು ಪುರಾಣಪುರುಷರನ್ನು ಬಿಟ್ಟವರಲ್ಲ. ಆದರೆ ಅವರ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ಕರ್ಣ, ಕೀಚಕ, ಭರತ, ಏಕಲವ್ಯರು ಅವರ ಇಂಗ್ಲಿಷ್ ನಾಟಕಗಳ ನಾಯಕರು. ಅವರ ಏಕಲವ್ಯನು ಬಿಲ್ಲುವಿದ್ಯೆಯನ್ನು ಬಯಸುವುದು ಕೀರ್ತಿಗಾಗಿ ಅಲ್ಲ, ತೋಳಗಳ ಬಾಯಿಯಿಂದ ಜಿಂಕೆಮರಿಗಳನ್ನು ಕಾಯುವುದಕ್ಕಾಗಿ. ಗುರುವಿಲ್ಲದೆ, ಗುರುಕುಲದ ಹೊರಗೆ ನಿಂತು, ದುಡಿಮೆಯ ನಡುವೆ ಕಲಿತವನ ಕಥೆಯು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ನಿದ್ದೆಗಣ್ಣಿನಿಂದ ಅಕ್ಷರ ಕಲಿತವರ ಕಥೆಯೂ ಹೌದು.

ಗುಣಗಳನ್ನು ಹೇಳಿದಂತೆ ದೋಷಗಳನ್ನೂ ಹೇಳುವುದು ಚರಿತ್ರಕಾರನ ಧರ್ಮ. ಕೈಲಾಸಂ ಅವರ ಬದುಕು ಶಿಸ್ತಿನದಾಗಿರಲಿಲ್ಲ. ಸಂಸಾರದ ಕಡೆಗೆ ಲಕ್ಷ್ಯ ಸಾಲದು. ಕುಡಿತ ಧೂಮಪಾನಗಳು ಆರೋಗ್ಯವನ್ನು ತಿಂದವು. ಕುಳಿತು ಬರೆಯುವ ಅಭ್ಯಾಸವೂ ಅವರಿಗಿರಲಿಲ್ಲ. ನಾಟಕವನ್ನು ತಲೆಯಲ್ಲಿಯೇ ಕಟ್ಟಿ, ಒಂದೊಂದು ಪಾತ್ರದ ದನಿಯಲ್ಲಿಯೂ ಗೆಳೆಯರೆದುರಿಗೆ ಆಡುವರು, ಗೆಳೆಯರು ಬರೆದುಕೊಳ್ಳುವರು. ಬರೆದುಕೊಳ್ಳುವವರು ಹತ್ತಿರ ಇಲ್ಲದ ದಿನ ಆಡಿದುದು ಗಾಳಿಯ ಪಾಲು. ಉಳಿದುದೇ ಇಷ್ಟು ದೊಡ್ಡದಾದರೆ ಹೋದದ್ದಕ್ಕೆ ಮರುಗದಿರುವುದು ಹೇಗೆ?

1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಮದರಾಸಿನಲ್ಲಿ ನೆರೆದಾಗ ಅದರ ಅಧ್ಯಕ್ಷಪದವಿಯು ಕೈಲಾಸಂ ಅವರಿಗೆ ಸಂದಿತು. ಬೀದಿಯ ಮಾತನ್ನು ರಂಗಕ್ಕೆ ತಂದವರಿಗೆ ಸಾಹಿತ್ಯದ ಉನ್ನತ ಪೀಠವು ದೊರೆಯಿತು. ಅದೂ ಕನ್ನಡನಾಡಿನ ಹೊರಗೆ, ಹೊರನಾಡ ಕನ್ನಡಿಗರು ನೆಲೆಸಿದ್ದ ನಗರದಲ್ಲಿ. ಮರುವರ್ಷವೇ, 1946ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ಅರವತ್ತೆರಡು ವರ್ಷ.

ಪ್ರಿಯ ವಾಚಕರೇ, ಲಂಡನ್ನಿಗೆ ಹೋಗುವ ಭಾಗ್ಯವು ನಮ್ಮಲ್ಲಿ ಎಲ್ಲರಿಗೂ ಇಲ್ಲ. ಆದರೆ ಕುಂದಾಪುರ, ಕಾರ್ಕಳ, ಕಲಬುರಗಿ, ವಿಜಯಪುರಗಳಿಂದ ಹೊರಟು ಮಾಜಿವಾಡಾದ ನಾಕೆಯಲ್ಲಿ ಇಳಿದವನೂ ಒಂದು ಬಗೆಯ ಪರದೇಶವನ್ನು ಕಂಡವನೇ. ಊರಿನಲ್ಲಿದ್ದಾಗ ಕಿವಿಗೆ ಬೀಳದಿದ್ದ ತಾಯಿಯ ಮಾತಿನ ರಾಗವು ಇಲ್ಲಿ ದೂರವಾಣಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ದಿನಕ್ಕೆ ಹತ್ತು ಭಾಷೆಗಳು ಮೇಜಿನ ಮುಂದೆ ಹಾದುಹೋಗುತ್ತವೆ. ಬೆಂಗಳೂರಿನ ಯುವಕನಿಗೆ ಲಂಡನ್ನಿನ ಸಂಜೆಗಳು ಕೊಟ್ಟದ್ದನ್ನು ಈ ನಗರವು ನಮ್ಮ ಹುಡುಗರಿಗೆ ಕೂಲಿಯ ಜೊತೆಗೆ ಪುಕ್ಕಟೆಯಾಗಿ ಕೊಡುತ್ತಲಿದೆ. ಕೇಳಿಸಿಕೊಂಡದ್ದನ್ನು ಬರೆದಿಡುವವರು ಬೇಕು. ಅದಕ್ಕಿಂತ ಮೊದಲು, ಬರೆದಿಟ್ಟದ್ದನ್ನು ಹರಿಯದ ಮಾಲೀಕರು ಬೇಕು.

ನಾವು ಹರಿದು ಹಾಕಿದ ಹಾಳೆಗಳು ಮರಳಿ ಬರಲಾರವು. ಆ ಹುಡುಗನು ಈಗ ಯೌವನವನ್ನು ದಾಟಿರಬೇಕು; ಯಾವ ಊರಿನ ಯಾವ ಹೋಟೆಲಿನಲ್ಲಿರುವನೋ, ಅಥವಾ ತಾನೇ ಒಂದು ಗಲ್ಲಾದ ಮೇಲೆ ಕುಳಿತಿರುವನೋ. ಈ ಬರಹವು ಅವನ ಕಣ್ಣಿಗೆ ಬಿದ್ದರೆ ನಮ್ಮ ತಪ್ಪೊಪ್ಪಿಗೆಯು ಅವನಿಗೆ ಸಲ್ಲಲಿ. ಅವನು ಮತ್ತೆ ಬರೆದರೆ, ಬಿಲ್ಲಿನ ಹಾಳೆಯ ಬೆನ್ನಿನಲ್ಲಿ ಬರೆದುದಾದರೂ ಸರಿಯೇ, ಈ ಪತ್ರಿಕೆಯಲ್ಲಿ ಅದಕ್ಕೆ ಸ್ಥಳವುಂಟು.